ಅಂಗಳದ ಪ್ಲಗ್ಗು, ಅಡುಗೆಮನೆಯ ದೀಪ

ಮಾಸ್ತರಿಕೆಯಲ್ಲಿ ಒಂದು ದೊಡ್ಡ ಸುಖವಿದೆ. ಕಲಿಸಿದ್ದನ್ನು ಮಾಡಿ ತೋರಿಸು ಎಂದು ಯಾರೂ ಕೇಳುವುದಿಲ್ಲ. ನಮ್ಮ ಶಾಲೆಯ ಭೂಗೋಳದ ಮಾಸ್ತರರು ಕೊಲ್ಹಾಪುರ ದಾಟಿ ಆಚೆ ಹೋದವರಲ್ಲ. ಡ್ರಿಲ್ ಮಾಸ್ತರರು ಕುರ್ಚಿ ಬಿಟ್ಟು ಎದ್ದದ್ದನ್ನು ಕಂಡವರಿಲ್ಲ. ನಾನು ವಿಜ್ಞಾನದ ಮಾಸ್ತರ. ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಎರಡು ದೀಪ, ಒಂದು ತಂತಿ ಬರೆದು ವಿದ್ಯುತ್ತಿನ ಪಾಠ ಮುಗಿಸುತ್ತಿದ್ದೆ. ಸೀಮೆಸುಣ್ಣದ ಖಡುವಿನಿಂದ ಬರೆದ ದೀಪ ಎಂದೂ ಕೆಡುವುದಿಲ್ಲ. ಅದೇ ಧೈರ್ಯದ ಮೇಲೆ ನಾನೊಮ್ಮೆ ಇಚಲಕರಂಜಿಯ ನಮ್ಮ ಮನೆಯ ಹೊರಗೋಡೆಗೆ ಪ್ಲಗ್ಗು ಕೂಡಿಸಲು ಹೋದೆ.

ಹೊರಗೋಡೆಗೆ ಯಾಕೆಂದರೆ ಮಾವನವರ ಸಲುವಾಗಿ. ಅವರು ಗಡಹಿಂಗ್ಲಜದ ಸೀರೆ ವ್ಯಾಪಾರಿಗಳು. ಕೊಲ್ಹಾಪುರದ ಲಿಲಾವಿನಲ್ಲಿ ಒಂದು ಹಳೆಯ ಮಿಲಿಟರಿ ಮೋಟಾರು ಗಾಡಿ ಹಿಡಿದು, ಬಡಿಗನನ್ನು ಕೂಡಿಸಿಕೊಂಡು ಅದರೊಳಗೆ ಹಲಗೆಯ ಮಂಚ, ಸೀರೆಗಳಿಗೆ ಗೂಡು, ಮೂಲೆಯಲ್ಲಿ ಸ್ಟೋವಿಗೊಂದು ಕಟ್ಟೆ ಮಾಡಿಸಿದ್ದರು. ಇಚಲಕರಂಜಿಯ ಮಗ್ಗಗಳಲ್ಲಿ ಸೀರೆ ಕೊಂಡು ಮುರಗೂಡ, ಗಡಹಿಂಗ್ಲಜದ ಸಂತೆಗಳಲ್ಲಿ ಮಾರುವುದು ಅವರ ಉದ್ಯೋಗ. ವಾರಕ್ಕೊಮ್ಮೆ ಬಂದರೆ ಮೋಟಾರು ನಿಲ್ಲುತ್ತಿದ್ದುದು ನಮ್ಮ ಅಂಗಳದಲ್ಲೇ. ಆದರೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಮಗಳಿಗೆ ಮಕ್ಕಳಾಗುವ ತನಕ ತಂದೆಯಾದವನು ಅವಳ ಮನೆಯಲ್ಲಿ ನೀರು ಸಹ ಮುಟ್ಟಬಾರದೆಂಬುದು ಅವರ ಮನೆತನದ ನೇಮ. ನಮ್ಮ ಮದುವೆಯಾಗಿ ಐದು ವರ್ಷ, ಮಕ್ಕಳಾಗಿರಲಿಲ್ಲ. ಹೀಗಾಗಿ ಗಡಹಿಂಗ್ಲಜದ ಕೊಡದ ನೀರು, ಗಡಹಿಂಗ್ಲಜದ ರೊಟ್ಟಿ, ಮೋಟಾರಿನಲ್ಲೇ ನಿದ್ದೆ. ನನ್ನ ಹೆಂಡತಿ ಪಾರ್ವತಿ ಬಾಗಿಲಲ್ಲಿ ನಿಂತು ಅಪ್ಪ ಒಣರೊಟ್ಟಿ ಮುರಿಯುವುದನ್ನು ನೋಡುತ್ತಿದ್ದಳು. ಆ ನೇಮ ಅವಳನ್ನು ಎರಡು ಕಡೆಯಿಂದ ಚುಚ್ಚುತ್ತಿತ್ತೆಂದು ನನಗೆ ಗೊತ್ತಿತ್ತು. ಅವಳು ಮಾತ್ರ ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ.

ಆಡಿದ್ದು ಕಂದೀಲಿನ ವಿಷಯ. ಸಂಜೆ ಮಾವನವರು ಸೀರೆಗಂಟುಗಳ ನಡುವೆ ಕಂದೀಲು ತೂಗುಹಾಕಿ ಒಂದೊಂದೇ ಸೆರಗು ಬಿಚ್ಚಿ ನೋಡುತ್ತಿದ್ದರು. ಒಮ್ಮೆ ಒಂದು ಸೆರಗು ಕರಕಾಯಿತು. ಅಂದಿನಿಂದ ಪಾರ್ವತಿಗೆ ನಿದ್ದೆ ಹಾರಿತು.

"ಅಲ್ರೀ, ಅಪ್ಪಗ ಒಂದು ತುತ್ತು ನೀಡಾಕ ನನ್ ಕಡೆ ಆಗವಲ್ದು. ಒಂದು ದೀಪಾನಾದ್ರೂ ಕೊಡೂಣು" ಎಂದಳು.

ವೈರ್‌ಮನ್ ದತ್ತೂ ನಮ್ಮ ಗಲ್ಲಿಯಲ್ಲೇ ಇದ್ದ. ಆದರೆ ವಿಜ್ಞಾನದ ಮಾಸ್ತರನ ಮನೆಗೆ ವೈರ್‌ಮನ್ ಬಂದರೆ ಗಲ್ಲಿಯವರು ಏನೆಂದಾರು? ನಾನೇ ಮೇನ್ ಆರಿಸಿ, ಅಡುಗೆಮನೆಯ ದೀಪಕ್ಕೆ ಹೋಗುವ ತಂತಿಯೊಂದನ್ನು ಕತ್ತರಿಸಿದೆ. ಎರಡು ತುದಿ ಬಂದವು. ಪ್ಲಗ್ಗಿಗೂ ಎರಡೇ ತೂತು. ಇಷ್ಟು ಸರಿಯಾಗಿ ಹೊಂದಿದ ಮೇಲೆ ಇನ್ನೇನು ವಿಚಾರ ಮಾಡುವುದಿದೆ ಎಂದು ಎರಡನ್ನೂ ಬಿಗಿದು, ಮಳೆಗೆ ಅಡ್ಡವಾಗಿ ಅವಲಕ್ಕಿ ಡಬ್ಬಿಯ ಮುಚ್ಚಳ ಜಡಿದೆ. ಮೇನ್ ಹಾಕಿದರೆ ಅಡುಗೆಮನೆಯ ದೀಪ ಹತ್ತಲಿಲ್ಲ. ಬಲ್ಬು ಹೋಗಿದೆ ಎಂದೆ. ಹೊಸದು ತಂದೆ. ಅದೂ ಹತ್ತಲಿಲ್ಲ. ಈಗಿನ ಬಲ್ಬುಗಳೇ ಹೀಗೆ ಎಂದೆ. ಪಾರ್ವತಿ ಚಿಮಣಿ ಹಚ್ಚಿಕೊಂಡು ರೊಟ್ಟಿ ಬಡಿದಳು.

ಮಾವನವರು ಬಂದರು. ಮೋಟಾರಿನೊಳಗೊಂದು ದೀಪ ಕಟ್ಟಿ, ಪ್ಲಗ್ಗು ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ಕೈಕಟ್ಟಿ ನೋಡಿದರು.

"ಭಾಳ ಛಲೋ ಮಾಡೀರಿ ಮಾಸ್ತರ. ಆದ್ರ ಮಗಳ ಮನಿ ನೀರು ಒಲ್ಲೆ ಅಂದಾಂವ ಮಗಳ ಮನಿ ಕರಂಟ್ ಹ್ಯಾಂಗ ತಗೊಳ್ಳಲಿ?"

ಕರಂಟು ನೀರಿನ ಹಾಗೆ ಹರಿಯುತ್ತದೆ ಎಂದು ಹುಡುಗರಿಗೆ ಹೇಳಿಕೊಡುವವನು ನಾನೇ. ಅಷ್ಟರಲ್ಲಿ ಬಾಗಿಲಲ್ಲಿದ್ದ ಪಾರ್ವತಿಯ ಕಣ್ಣು ತುಂಬಿದ್ದನ್ನು ಅವರು ಕಂಡರು. ಮಗಳ ಸಮಾಧಾನಕ್ಕೆ ಒಮ್ಮೆ ಹಚ್ಚಿ ಆರಿಸಿದರಾಯಿತೆಂದು, ನಾನು ಮೋಟಾರಿನಲ್ಲಿ ಕಟ್ಟಿಕೊಟ್ಟಿದ್ದ ದೀಪದ ತಂತಿಯನ್ನು ಪ್ಲಗ್ಗಿಗೆ ಚುಚ್ಚಿ ಗುಂಡಿ ಒತ್ತಿದರು. ಮೋಟಾರಿನಲ್ಲಿ ಮಂದವಾಗಿ ಬೆಳಕಾಯಿತು. ಅದೇ ಕ್ಷಣಕ್ಕೆ ವಾರದಿಂದ ಸತ್ತು ಬಿದ್ದಿದ್ದ ಅಡುಗೆಮನೆಯ ದೀಪವೂ ಕೆಂಪಗೆ ಕಣ್ಣು ಬಿಟ್ಟಿತು. ಅವರು ಆರಿಸಿದರು, ಅದೂ ಆರಿತು. ಹಚ್ಚಿದರು, ಹತ್ತಿತು. ಮೂರು ಸಲ ನೋಡಿ, ವ್ಯಾಪಾರ ಕುದುರಿಸಿದ ಮುಖ ಮಾಡಿ ತೀರ್ಪು ಕೊಟ್ಟರು.

"ನಾ ದೀಪಾ ಹಚ್ಚಿದ್ರ ನನ್ನ ಮಗಳ ಅಡಿಗಿಮನಿ ಬೆಳಗತೈತಿ. ಇದು ತಗೊಳ್ಳೂದಲ್ಲ ಪಾರೂ, ಕೊಡೂದು. ಇದಕ್ಕ ಅಡ್ಡಿ ಇಲ್ಲ."

ಎರಡು ದೀಪ, ಒಂದು ತಂತಿ. ಒಂದು ಆರಿದರೆ ಇನ್ನೊಂದೂ ಆರುತ್ತದೆ, ಮನೆಯಲ್ಲಿ ಹೀಗೆಂದೂ ಜೋಡಿಸಬಾರದು ಎಂದು ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಪಾಠವೇ ಇದು ಎಂದು ಆಗ ಹೊಳೆಯಿತು. ಮಾವನವರು ಕಂದೀಲನ್ನು ಮಗಳ ಕೈಗಿತ್ತರು. ತವರಿನಿಂದ ಬಂದದ್ದನ್ನು ತೆಗೆದುಕೊಳ್ಳಲು ಅವಳಿಗೆ ಯಾವ ನೇಮವೂ ಅಡ್ಡವಿರಲಿಲ್ಲ. ಅಂದಿನಿಂದ ವಾರದಲ್ಲಿ ಆರು ದಿನ ಆ ಕಂದೀಲಿನ ಬೆಳಕಿನಲ್ಲಿ ಅಡುಗೆ, ಏಳನೆಯ ದಿನ ಅಪ್ಪನ ಬೆಳಕಿನಲ್ಲಿ. ಕೈಯಲ್ಲಿ ಹಿಟ್ಟು ಹಿಡಿದಿರುವಾಗಲೇ ದೀಪ ಆರಿದರೆ "ಅಪ್ಪ ಮಲ್ಕೊಂಡಾನ" ಎಂದು ನಕ್ಕು ಕತ್ತಲಲ್ಲೇ ಕೈ ತೊಳೆಯುತ್ತಿದ್ದಳು. ಅವಳು ಅಷ್ಟು ನೆಮ್ಮದಿಯಿಂದ ನಕ್ಕದ್ದನ್ನು ನಾನು ಆ ಐದು ವರ್ಷಗಳಲ್ಲಿ ಕಂಡಿರಲಿಲ್ಲ.

ಸುಮ್ಮನಿದ್ದರೆ ನಾನು ಮಾಸ್ತರನೇ? ಆರು ದಿನ ಅವಳು ಹೊಗೆಯಲ್ಲಿ ಬೇಯುತ್ತಾಳಲ್ಲ ಎಂದು ಮರುಗಿ, ಒಂದು ಮಧ್ಯಾಹ್ನ ಅವಳು ಬಾವಿಗೆ ಹೋದಾಗ ದತ್ತೂನನ್ನು ಗುಟ್ಟಾಗಿ ಕರೆಸಿದೆ. ಅವನು ಎಲ್ಲ ಸರಿ ಮಾಡಿಹೋದ. ಅಡುಗೆಮನೆ ಹಗಲಿನಂತಾಯಿತು. ಆ ವಾರ ಮಾವನವರು ಬಂದು ದೀಪ ಹಚ್ಚಿ, ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಆಗಲೇ ಬೆಳಕಿತ್ತು. ತಮ್ಮದನ್ನು ಆರಿಸಿದರು. ಅಲ್ಲಿನದು ಉರಿಯುತ್ತಲೇ ಇತ್ತು. ಮೆಲ್ಲಗೆ ತಂತಿ ಕಿತ್ತು, ಸುರುಳಿ ಸುತ್ತಿ ನನ್ನ ಕೈಗಿತ್ತರು.

"ಪಾರೂ, ನನ್ನ ಕಂದೀಲು ಕೊಡವಾ" ಎಂದರು.

ಪಾರ್ವತಿ ಕಂದೀಲು ಒರೆಸಿ, ಎಣ್ಣೆ ಹಾಕದೆ ಹಾಗೇ ಕೊಟ್ಟಳು. ಎಣ್ಣೆಯೂ ಮಗಳ ಮನೆಯದಾಗುತ್ತಿತ್ತಲ್ಲ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಶಾಲೆಗೆ ರಜೆ ಹಾಕಿ ನನ್ನ ಹಳೆಯ ತಪ್ಪನ್ನು ಮತ್ತೆ ಮಾಡಲು ಕೂತೆ. ಅದೇ ತಂತಿ, ಅದೇ ಕತ್ತರಿ, ಅದೇ ಕೈ. ಮೇನ್ ಹಾಕಿದೊಡನೆ ಢಬ್ ಎಂದು ಫ್ಯೂಜು ಹೋಗಿ ಇಡೀ ಮನೆ ಕತ್ತಲಾಯಿತು. ಮತ್ತೆ ದತ್ತೂನ ಮನೆಯ ಬಾಗಿಲು ಬಡಿದೆ.

"ಕೆಟ್ಟದ್ದ ಸುಧಾರ್ಸಾಕ ಕರೀತಾರ ಮಾಸ್ತರ. ಸುಧಾರ್ಸಿದ್ದ ಕೆಡಸಾಕ ಕರದಾವ್ರು ನೀವೊಬ್ರ" ಎಂದ ಅವನು, ಮೊದಲು ಹೇಗೆ ಕೆಡಿಸಿದ್ದಿರಿ ತೋರಿಸಿ ಎಂದು ಕೇಳಿದ. ನಾನು ಗೋಡೆಯ ಮೇಲೆ ಖಡುವಿನಿಂದ ಎರಡು ದೀಪ, ಒಂದು ತಂತಿ ಬರೆದೆ. ಅವನು ಹತ್ತು ನಿಮಿಷದಲ್ಲಿ ಒಪ್ಪವಾಗಿ ಕೆಡಿಸಿಕೊಟ್ಟ.

ಮುಂದಿನ ವಾರ ಅಂಗಳದಲ್ಲಿ ದೀಪ ಹತ್ತಿತು, ಅಡುಗೆಮನೆಯೂ ಕೆಂಪಗೆ ಬೆಳಗಿತು, ಕಂದೀಲು ಪಾರ್ವತಿಯ ಕೈಗೆ ತಿರುಗಿ ಬಂತು. ಸಂತೋಷ ತಡೆಯಲಾಗದೆ ಅವಳು ಗೋದಿಹುಗ್ಗಿ ಮಾಡಿ, ದತ್ತೂನನ್ನು ಕರೆಸಿ ಮಣೆ ಹಾಕಿ ಬಡಿಸಿದಳು. ಅವನೇ ಬಲ್ಲವನು, ಅವನ ಕೈಗುಣವೇ ಬೇರೆ ಎಂದು ಹೊಗಳಿದ್ದೇ ಹೊಗಳಿದ್ದು. ಈ ತಪ್ಪನ್ನು ಮೊಟ್ಟಮೊದಲು ಕಂಡುಹಿಡಿದವನು ನಾನಲ್ಲವೇ ಎಂದು ಕೇಳಬೇಕೆನಿಸಿತು. ಆದರೆ ಇನ್ನೊಮ್ಮೆ ಮಾಡಿ ತೋರಿಸು ಎಂದಾಳೆಂದು ಹೆದರಿ ಸುಮ್ಮನೆ ಹುಗ್ಗಿ ಉಂಡೆ.