ಲಿಫ್ಟಿನಲ್ಲಿ ಒಂಬತ್ತು ಜನ, ಬೆಟ್ಟದ ಮೇಲೆ ಹಾಡು

ಎಂಥ ಅಪಾಯದ ನಡುವೆಯೂ ಪ್ರೀತಿಗೆ ಪುರುಸೊತ್ತು ಮಾಡಿಕೊಡುವ ಮಾನ್ಯ ನಿರ್ದೇಶಕರೇ,

ಲಿಫ್ಟ್ ರಿಪೇರಿ ಮಾಡುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ಮೂರು ದಿನ ನಮ್ಮ ಮೆಷಿನ್ ರೂಮಿನಲ್ಲಿ ಗ್ರೀಸ್ ಡಬ್ಬದ ಮೇಲೆ ಕುಳಿತು, ಇಪ್ಪತ್ತೆರಡು ವರ್ಷದಿಂದ ನನ್ನ ಜೊತೆಗಾರರಾಗಿರುವ ಅಣ್ಣ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋದಾಗ, ಕೊನೆಗೂ ನಮ್ಮ ಕೆಲಸದ ಮೇಲೊಂದು ಸಿನಿಮಾ ಬರುತ್ತದೆಂದು ಹಿಗ್ಗಿದ್ದೆವು. ಬಂತು. ಕಥೆಯೂ ನಮ್ಮದೇ: ಎಂಟನೇ ಮಹಡಿಯ ಬಳಿ ನಿಂತುಹೋದ ಲಿಫ್ಟು, ಒಳಗೆ ಒಂಬತ್ತು ಜನ, ಮೇಲೆ ಮೆಷಿನ್ ರೂಮಿನಲ್ಲಿ ಚಕ್ರದ ಮುಂದೆ ನಾಯಕ, ಅಂದರೆ ನಾನು. ಮೊದಲ ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ಕುಳಿತಿದ್ದೆ.

ಇಪ್ಪತ್ತೊಂದನೇ ನಿಮಿಷಕ್ಕೆ ಬ್ರೇಕ್ ಹಿಡಿಯಲು ಅಣ್ಣನ ಬದಲು ನಾಯಕಿ ಬಂದರು, ರೇಷ್ಮೆ ಗೌನು ತೊಟ್ಟು. ನಿಂತ ಲಿಫ್ಟನ್ನು ಇಳಿಸುವಾಗ ಒಬ್ಬರು ಬ್ರೇಕ್ ಸಡಿಲಿಸಬೇಕು, ಇನ್ನೊಬ್ಬರು ಕೈಯಲ್ಲೇ ಚಕ್ರ ತಿರುಗಿಸಬೇಕು, ‘ಬಿಡ್ಲಾ?’, ‘ಬಿಡಿ ಅಣ್ಣ’, ‘ಹಿಡೀಲಾ?’, ‘ಹಿಡೀರಿ’ ಎಂದು ಪ್ರತಿ ಸುತ್ತಿಗೂ ಕೂಗಿ ಹೇಳದೆ ನಾವು ಬೆರಳನ್ನೂ ಅಲ್ಲಾಡಿಸುವುದಿಲ್ಲ, ಏಕೆಂದರೆ ತಪ್ಪಿದರೆ ಕೆಳಗಿನವರ ಜೀವ ಹೋಗುತ್ತದೆ. ಆ ಮಾತನ್ನೇ ತಾವು ಯುಗಳಗೀತೆಯ ಪಲ್ಲವಿ ಮಾಡಿದ್ದೀರಿ, ಭೇಷ್. ಇಬ್ಬರೂ ಹಿಮದ ಬೆಟ್ಟಕ್ಕೆ ಹೋಗಿ ನಾಲ್ಕು ಸಲ ಬಟ್ಟೆ ಬದಲಿಸಿ ಬರುವಷ್ಟು ಹೊತ್ತು ಬ್ರೇಕನ್ನು ಯಾರು ಹಿಡಿದಿದ್ದರು ಎಂದು ಕೇಳುವಷ್ಟು ಅರಸಿಕ ನಾನಲ್ಲ. ಒಳಗಿದ್ದ ಒಂಬತ್ತು ಮಂದಿಯೂ ಮಹಾ ತಾಳ್ಮೆಯವರು, ಒಬ್ಬರೂ ಅಲಾರಂ ಒತ್ತಲಿಲ್ಲ. ಹೆಣ್ಣು ಗಂಡು ಒಂದೇ ಕೋಣೆಯಲ್ಲಿದ್ದರೆ ಪ್ರೀತಿ ಹುಟ್ಟಲೇಬೇಕೆಂಬ ಕಾನೂನೇನಾದರೂ ಇದ್ದರೆ, ಹನ್ನೊಂದು ವರ್ಷದಿಂದ ಹಾಜರಿ ಪುಸ್ತಕ ಹಿಡಿದು ನನ್ನನ್ನು ಗದರುತ್ತಿರುವ ನಮ್ಮ ಆಫೀಸಿನ ಮೇಡಂಗೂ ದಯವಿಟ್ಟು ತಿಳಿಸಿ.

ಇಷ್ಟಕ್ಕೆ ನಾನು ಸುಮ್ಮನಿರುತ್ತಿದ್ದೆ. ಆದರೆ ಅಣ್ಣ ಹೊಸ ಅಂಗಿ ತೊಟ್ಟು ಮನೆಮಂದಿಯನ್ನೆಲ್ಲ ಥಿಯೇಟರಿಗೆ ಕರೆತಂದಿದ್ದರು. ಲಿಫ್ಟು ನಿಜಕ್ಕೂ ನಿಂತ ದಿನ ನಲವತ್ತು ನಿಮಿಷ ಬ್ರೇಕ್ ಹಿಡಿದು ಅಷ್ಟೂ ಜನರನ್ನು ಉಳಿಸಿದವರು ಅವರು. ‘ತಾತ, ನೀವು ಯಾವಾಗ ಬರ್ತೀರ?’ ಎಂದು ಮೊಮ್ಮಗಳು ಕೇಳಿದಳು. ‘ಇಂಟರ್ವಲ್ ಆದ್ಮೇಲೆ ಬರ್ತೀನಿ, ಇರು’ ಎಂದರು. ಹೆಸರುಗಳೆಲ್ಲ ಮೇಲೆ ಹೋಗಿ ಪರದೆ ಖಾಲಿಯಾದರೂ ಮಗು ಸೀಟಿನಿಂದ ಏಳಲಿಲ್ಲ.

ಆದ್ದರಿಂದ ಒಂದು ಸಣ್ಣ ಕೋರಿಕೆ: ಚಿತ್ರವನ್ನು ಎಲ್ಲ ಥಿಯೇಟರುಗಳಿಂದ ವಾಪಸು ತರಿಸಿ, ನಾಯಕಿಯನ್ನು ಬೆಟ್ಟದ ಮೇಲೆಯೇ ಬಿಟ್ಟು, ಅಣ್ಣನನ್ನು ಐದು ನಿಮಿಷ ಬ್ರೇಕಿನ ಪಕ್ಕ ನಿಲ್ಲಿಸಿ.

ತಾವು ಪ್ರೇಮದಲ್ಲಿ ಕೆಡವಿದರೂ ಚಕ್ರದಿಂದ ಕೈ ತೆಗೆಯದ,
ತಮ್ಮ ವಿಶ್ವಾಸಿ

ವಿ.ಸೂ.: ತಮ್ಮ ಕಚೇರಿಯ ಲಿಫ್ಟು ನಿಂತುಹೋಗಿದೆಯೆಂದು ಈಗಷ್ಟೇ ಫೋನು ಬಂತು, ಒಳಗಿರುವವರು ತಾವೇ ಅಂತೆ. ನಾಯಕಿಯನ್ನೇ ಕಳುಹಿಸೋಣ ಎಂದೆ ನಾನು. ಅಣ್ಣ ಆಗಲೇ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾರೆ. ಹೊರಬಂದ ಮೇಲೆ ಮೇಲಿನ ಕೋಣೆಗೆ ಹತ್ತಿ, ಬ್ರೇಕ್ ಹಿಡಿದು ನಿಂತವರು ಯಾರೆಂದು ದಯವಿಟ್ಟು ಒಮ್ಮೆ ನೋಡಿ.