ವಿಸಲ್ ಬಂತು

ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಸಾಮಾನನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ದಿಲ್ಲಿಯ ಸರ್ಕಾರಿ ಕಚೇರಿಯ ಖರೀದಿ ವಿಭಾಗದಲ್ಲೇ ಆಯುಷ್ಯ ಸವೆಸಿದ ನನಗೆ ಮೂರು ಕೊಟೇಶನ್ ಇಲ್ಲದೆ ಕೊತ್ತಂಬರಿ ಸೊಪ್ಪು ಕೊಳ್ಳಲೂ ಕೈ ಬರುವುದಿಲ್ಲ. ನಿವೃತ್ತನಾಗಿ ದಿಲ್ಲಿಯದೇ ಬಡಾವಣೆಯಾದ ದ್ವಾರಕಾದ ಫ್ಲ್ಯಾಟಿಗೆ ಬಂದ ಮೇಲೆ ಈ ಚಟ ಇನ್ನೂ ಹೆಚ್ಚಿತು. ಕಚೇರಿಯಲ್ಲಿ ತಡೆಯಲು ಸಾಲುಸಾಲು ಮೇಲಧಿಕಾರಿಗಳಿದ್ದರು. ಇಲ್ಲಿ ನನ್ನ ಹೆಂಡತಿ ವಿಮಲಾ ಒಬ್ಬಳೇ.

ಈ ಸಲ ನನಗೆ ಬೇಕಾಗಿದ್ದು ರೇಡಿಯೋ. ಹಾಡು, ವಾರ್ತೆ ಬರುವ ರೇಡಿಯೋ ಅಲ್ಲ. ಎಲ್ಲೋ ದೂರದಲ್ಲಿ ಮಿಂಚು ಹೊಡೆದರೆ ಅದರ ಅಲೆ ಆಕಾಶದಲ್ಲಿ ಬಹು ಎತ್ತರಕ್ಕೆ ಹೋಗಿ ಇಳಿದು ಬರುತ್ತದಂತೆ. ಅತಿ ಕಡಿಮೆ ಆವರ್ತನದ ರಿಸೀವರ್ ಇದ್ದರೆ ಅದು ‘ಸುಂಯ್‌...’ ಎಂದು ಜಾರುವ ವಿಸಲ್ ಆಗಿ ಕಿವಿಗೆ ಬೀಳುತ್ತದಂತೆ. ನಮ್ಮ ಕಡೆ ಅದು ಅಪರೂಪ ಎಂದು ಓದಿದ ಮೇಲಂತೂ, ಒಮ್ಮೆಯಾದರೂ ಕೇಳದೆ ಸಾಯಬಾರದು ಅನ್ನಿಸಿಬಿಟ್ಟಿತು. ನೋಯ್ಡಾದಲ್ಲಿರುವ ಮಗಳಿಗೆ ಫೋನ್ ಮಾಡಿದರೆ, “ಪಪ್ಪಾ, ಇಂಟರ್‌ನೆಟ್ ಪೇ ಸುನ್ ಲೋ ನಾ, ಅಲ್ಲೇ ಕೇಳ್ಬಹುದು, ಖರೀದಿ ಯಾಕೆ?” ಎಂದಳು. ಖರೀದಿ ಯಾಕೆ ಎಂದು ಖರೀದಿ ವಿಭಾಗದವನನ್ನು ಕೇಳುವುದೇ!

ಕಣದಲ್ಲಿ ಎರಡು ರಿಸೀವರ್ ಉಳಿದವು. ಒಂದಕ್ಕೆ ಬಾಲ್ಕನಿ ತುಂಬುವಷ್ಟು ದೊಡ್ಡ ತಂತಿಯ ಬಳೆ, ಇನ್ನೊಂದು ಕೈಯಲ್ಲಿ ಹಿಡಿಯುವ ಪೆಟ್ಟಿಗೆ, ಅದಕ್ಕೊಂದು ಉದ್ದ ಕಡ್ಡಿ. ಎರಡಕ್ಕೂ ಸುತ್ತಲಿನ ಕರೆಂಟ್ ತಂತಿಗಳ ಗುಂಯ್‌ಗುಡುವಿಕೆಯೇ ಶತ್ರು. ಬಳೆಯನ್ನು ತಿರುಗಿಸಿ ಆ ಸದ್ದನ್ನು ತಗ್ಗಿಸಬಹುದೆಂದು ನಾನು ಅದರ ಪರವಾಗಿ ದೊಡ್ಡ ಟಿಪ್ಪಣಿಯನ್ನೇ ಮಂಡಿಸಿದೆ. ವಿಮಲಾ ಚಪಾತಿ ಲಟ್ಟಿಸುತ್ತಲೇ ಕೇಳಿ, “ಬಟ್ಟೆ ಎಲ್ಲಿ ಒಣಹಾಕ್ಲಿ, ನಿಮ್ಮ ತಲೆ ಮೇಲಾ? ಕಡ್ಡೀದು ತಗೊಳ್ಳಿ. ಭಾನುವಾರದೊಳಗೆ ವಿಸಲ್ ಕೇಳಿಸಿದ್ರೆ ಇರ್ಲಿ, ಇಲ್ದಿದ್ರೆ ವಾಪಸ್,” ಎಂದು ಆದೇಶ ಹೊರಡಿಸಿದಳು.

ದಿನಾ ನಸುಕಿಗೆ ಪಾರ್ಕಿಗೆ ಹೋಗಿ ಕಡ್ಡಿ ಎತ್ತಿ ನಿಂತೆ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಕೇಳಿಸುತ್ತಿತ್ತು. ಅದು ದೂರದ ಮಿಂಚುಗಳ ಸದ್ದು. ವಿಸಲ್ ಮಾತ್ರ ಇಲ್ಲ. “ಸರ್‌ಜೀ, ಮಚ್ಛರ್ ಪಕಡ್ ರಹೇ ಹೋ ಕ್ಯಾ?” ಎಂದು, ನಾನು ಸೊಳ್ಳೆ ಹಿಡಿಯುತ್ತಿದ್ದೇನೆಂದುಕೊಂಡ ಗಾರ್ಡ್ ಕನಿಕರದಿಂದ ವಿಚಾರಿಸಿಕೊಂಡ.

ಭಾನುವಾರ ಬಂದೇಬಿಟ್ಟಿತು. ಅಂದು ಬೆಳಗಿನ ಜಾವ ಇಡೀ ಸೆಕ್ಟರಿಗೆ ಕರೆಂಟ್ ಹೋಯಿತು. ಸೊಸೈಟಿಯ ಜನರೇಟರೂ ಕೆಟ್ಟು ಕೂತಿತ್ತು. ಜನ ಬಾಲ್ಕನಿಗೆ ಬಂದು ಶಾಪ ಹಾಕುತ್ತಿದ್ದರೆ ನಾನೊಬ್ಬನೇ ದೇವರಿಗೆ ಕೈಮುಗಿದು, ನಮ್ಮ ಬಾಲ್ಕನಿಯಲ್ಲೇ ಕಡ್ಡಿ ಎತ್ತಿ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಗುಂಯ್ ಮಾಯ! ಬರೀ ಚಟಪಟ, ಸ್ವಚ್ಛ. ಅಷ್ಟರಲ್ಲಿ ವಿಮಲಾ ಬಂದು, “ಕೊಡಿ ಇಲ್ಲಿ, ಏನಿದೆ ಅದ್ರಲ್ಲಿ ನಾನೂ ಒಂದು ಸಲ ನೋಡ್ತೀನಿ. ಬೇಳೆ ಇಟ್ಟಿದ್ದೀನಿ, ನೀವು ಕುಕ್ಕರ್ ಹತ್ರ ನಿಂತ್ಕೊಳ್ಳಿ. ವಿಸಲ್ ಬಂದ ತಕ್ಷಣ ಗ್ಯಾಸ್ ಆಫ್ ಮಾಡಿ,” ಎಂದಳು. ವಾಪಸ್ಸಾತಿಯ ಅಧಿಕಾರ ಕೈಯಲ್ಲಿರುವವಳು. ಪೆಟ್ಟಿಗೆ ಕೊಟ್ಟು ಒಳಗೆ ಹೋದೆ.

ಕುಕ್ಕರಿನ ಮುಂದೆ ಅಟೆನ್ಷನ್‌ನಲ್ಲಿ ನಿಂತಿದ್ದೆ. ಬಾಲ್ಕನಿಯಿಂದ ಕೂಗು ಬಂತು: “ರೀ, ಬಂತು! ವಿಸಲ್ ಬಂತು!”

ತಟ್ಟನೆ ಗ್ಯಾಸ್ ಆಫ್ ಮಾಡಿದೆ. ಇಷ್ಟು ಚುರುಕಾಗಿ ಹೇಳಿದ ಕೆಲಸ ಮಾಡಿದೆನಲ್ಲ ಎಂದು ಹೆಮ್ಮೆಯೂ ಆಯಿತು. ಕುಕ್ಕರ್ ಇನ್ನೂ ಉಸಿರೇ ಬಿಟ್ಟಿಲ್ಲವೆಂಬುದು ಆಮೇಲೆ ಕಣ್ಣಿಗೆ ಬಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿ ಇಯರ್‌ಫೋನ್ ಕಿತ್ತುಕೊಂಡೆ. ಬರೀ ಸಾಸಿವೆ. ಅದರ ಹಿಂದೆಯೇ ಕರೆಂಟ್ ಬಂತು, ಗುಂಯ್! ನನಗೆ ನಿಜವಾಗಿ ಅಳು ಬಂದಿತ್ತು.

“ಅಯ್ಯೋ, ಎಷ್ಟು ಚೆನ್ನಾಗಿತ್ತು ರೀ! ಯಾರೋ ಮೇಲಿಂದ ಜಾರಿಕೊಂಡು ಬಂದ ಹಾಗೆ,” ಎಂದಳು ವಿಮಲಾ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. “ವಾಪಸ್ ಬೇಡ, ಇರ್ಲಿ.”

ರಿಸೀವರ್ ಉಳಿಯಿತು. ಈಗ ದಿನಾ ಬೆಳಿಗ್ಗೆ ವಿಮಲಾ ಅದನ್ನು ಹಿಡಿದು ಪಾರ್ಕಿಗೆ ಹೋಗುತ್ತಾಳೆ. ಬೇಳೆ ನಾನು ಬೇಯಿಸುತ್ತೇನೆ.