ಹೂದಾನಿ ನೋಡಲು ಹೊರಟ ಅತ್ತೆ

ನನ್ನ ಅತ್ತೆಯನ್ನು ನೀವೇನಾದರೂ ಮನೆಗೆ ಊಟಕ್ಕೆ ಕರೆದಿದ್ದರೆ, ಮೊದಲು ಹೂದಾನಿಯ ನೀರು ಚೆಲ್ಲಿಬಿಡಬೇಕಿತ್ತು! ಬಂದವರೇ ಅದನ್ನು ಎತ್ತಿ ತಲೆಕೆಳಗು ಮಾಡಿ ನೋಡುವುದು ಅವರ ಅಭ್ಯಾಸವಾಗಿತ್ತು. ಹೂದಾನಿಯ ಕುಲಗೋತ್ರವೆಲ್ಲ ಅದರ ತಳದಲ್ಲಿರುತ್ತದಂತೆ. ಮಣ್ಣಗುಡ್ಡದ ನಮ್ಮ ಪಕ್ಕದ ಮನೆಯ ಹೊಸ ಸೋಫಾ ಈ ಸಂಶೋಧನೆಗೆ ಬಲಿಯಾಯಿತು. ಒದ್ದೆ ಸೋಫಾ ನೋಡುತ್ತ ಬಾಯಿ ತೆರೆದು ನಿಂತ ಮನೆಯಾಕೆಗೆ ಅತ್ತೆ ಸಮಾಧಾನ ಹೇಳಿದರು: "ಹೆದರಬೇಡಿ, ಈ ಹೂದಾನಿ ಹಳೆಯದೇನೂ ಅಲ್ಲ!"

ಅಪ್ಪನ ಅಕ್ಕನಾದ ಇವರು ಕಾಲೇಜಿನಲ್ಲಿ ಕಲೆಯ ಇತಿಹಾಸ ಪಾಠ ಮಾಡುತ್ತಿದ್ದವರು. ಗ್ರೀಕರ ಹೂದಾನಿ, ಚೀನಾದ ನೀಲಿ-ಬಿಳಿ ಪಿಂಗಾಣಿ ಎಂದರೆ ಊಟ ತಿಂಡಿ ಬೇಡ. ಹೂದಾನಿಗೂ ಕುತ್ತಿಗೆ, ಭುಜ, ಹೊಟ್ಟೆ, ಪಾದ ಎಲ್ಲ ಇರುತ್ತವೆ ನೋಡಿ, ಹಾಗಾಗಿ ಅತ್ತೆ ಮನುಷ್ಯರನ್ನೂ ಅದೇ ಲೆಕ್ಕದಲ್ಲಿ ಅಳೆಯುತ್ತಿದ್ದರು. ಅವರನ್ನು ನೋಡಲು ಬಂದ ಗಂಡು ಹೇಗೆಂದು ಅಜ್ಜಿ ಕೇಳಿದರೆ, "ಕುತ್ತಿಗೆ ಗಿಡ್ಡ, ಹೊಟ್ಟೆ ಅಗಲ. ಎಣ್ಣೆ ತುಂಬಿಸ್ಲಿಕ್ಕೆ ಆಗ್ತದೆ" ಎಂದರಂತೆ! ಆಮೇಲೆ ಮನೆಯಲ್ಲಿ ಮದುವೆಯ ಮಾತೇ ನಿಂತುಹೋಯಿತು.

ಒಮ್ಮೆ ಹಂಪನಕಟ್ಟೆಯ ಗುಜರಿ ಅಂಗಡಿಯಿಂದ ಸೊಂಟದೆತ್ತರದ ಪಿಂಗಾಣಿ ಜಾಡಿ ತಂದು ಸಿಟಿ ಬಸ್ಸಿನಲ್ಲಿ ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು. ನಾನು? ಕಂಬಿ ಹಿಡಿದು ನಿಂತಿದ್ದೆ!

"ಎಂತ ಮೇಡಂ, ಜನ ನಿಂತಿದ್ದಾರೆ, ಜಾಡಿ ಕೂತಿದೆಯಲ್ಲ ಮಾರಾಯ್ರೇ!" ಎಂದ ಕಂಡಕ್ಟರ್.

"ಇದಕ್ಕೆ ನೂರು ವರ್ಷ ದಾಟಿದೆ. ಹಿರಿಯ ನಾಗರಿಕರ ಸೀಟು ಅಂತ ನೀವೇ ಬರೆದಿದ್ದೀರಲ್ಲ?"

ಇಂಥ ಅತ್ತೆ ನಿಜವಾದ ಒಂದು ಗ್ರೀಕ್ ಹೂದಾನಿಯನ್ನೂ ಕಣ್ಣಾರೆ ಕಂಡವರಲ್ಲ. ಪಾಠವೆಲ್ಲ ಪುಸ್ತಕದ ಚಿತ್ರ ತೋರಿಸಿಯೇ. ಅಬುಧಾಬಿಯಲ್ಲಿರುವ ನನ್ನ ಅಣ್ಣ ಪ್ರತಿ ವರ್ಷ ಕರೆಯುತ್ತಿದ್ದ, "ಬನ್ನಿ ಅತ್ತೆ, ಇಲ್ಲಿಯ ಮ್ಯೂಸಿಯಮ್ಮಿನಲ್ಲಿ ನಿಮ್ಮ ಗ್ರೀಕರು ಕಾಯ್ತಾ ಇದ್ದಾರೆ." ಒಂದು ವರ್ಷ ಪರೀಕ್ಷೆಯ ಕೆಲಸ, ಇನ್ನೊಂದು ವರ್ಷ ಹಾಸಿಗೆ ಹಿಡಿದ ಅಜ್ಜಿ. "ಎರಡು ಸಾವಿರ ವರ್ಷ ಕಾದವರು ಇನ್ನೊಂದು ವರ್ಷ ಕಾಯ್ತಾರೆ ಮಾರಾಯ" ಎನ್ನುತ್ತಿದ್ದರು ಅತ್ತೆ. ಅವರೇನೋ ಕಾದರು. ಅತ್ತೆಯ ಕಣ್ಣು ಕಾಯಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಅತ್ತೆ ಮನೆಯ ಜಾಡಿಗಳನ್ನು ಸವರುತ್ತ ಕೂರತೊಡಗಿದರು. ಇದೂ ಒಂದು ಹೊಸ ಹುಚ್ಚು ಎಂದುಕೊಂಡೆವು. ಗ್ಲಾಕೋಮಾ ಎಂದು ಡಾಕ್ಟರು ಹೇಳುವಾಗ ಹೊತ್ತು ಮೀರಿತ್ತು. ಈಗ ಬೆಳಕು, ಕತ್ತಲೆ ಇಷ್ಟೇ ಗೊತ್ತಾಗುತ್ತದೆ. "ಮೊದಲೇ ಅಬುಧಾಬಿಗೆ ಹೊರಡಿಸಬೇಕಿತ್ತು" ಎಂದು ಅಪ್ಪ ಊಟದ ನಡುವೆ ಹೇಳಿ, ಕೈ ತೊಳೆಯಲು ಎದ್ದುಬಿಡುತ್ತಾರೆ.

ಆದರೆ ಕಳೆದ ವರ್ಷ ಅತ್ತೆ ತಾವಾಗಿಯೇ ಹೊರಟು ನಿಂತರು!

"ಅಲ್ಲಿ ಹೋಗಿ ಎಂತ ಮಾಡ್ತೀರಿ ಅತ್ತೆ?" ಎಂದೆ.

"ಹತ್ತಿರ ನಿಲ್ತೇನೆ."

ಅಣ್ಣ ನಮ್ಮಿಬ್ಬರನ್ನು ಮ್ಯೂಸಿಯಮ್ಮಿನ ಬಾಗಿಲಲ್ಲಿ ಇಳಿಸಿದ. ಮೊದಲ ಗ್ರೀಕ್ ಹೂದಾನಿ ಗಾಜಿನ ಪೆಟ್ಟಿಗೆಯೊಳಗಿತ್ತು, ಮುಟ್ಟುವ ಹಾಗಿಲ್ಲ. "ಅದರ ಮೇಲೆ ಎಂತ ಚಿತ್ರ ಉಂಟು, ಹೇಳು" ಎಂದರು ಅತ್ತೆ. ಬ್ಯಾಂಕಿನಲ್ಲಿ ದುಡಿಯುವ ನನಗೆ ಕಲೆಯ ಗಂಧಗಾಳಿಯಿಲ್ಲ.

"ಒಬ್ಬ ಸೈನಿಕ, ಒಬ್ಬಳು ಹೆಂಗಸು, ಒಂದು ನಾಯಿ" ಎಂದೆ.

"ಅವಸರ ಮಾಡಬೇಡ. ಅವಳು ಎಂತ ಮಾಡ್ತಾ ಇದ್ದಾಳೆ?"

"ಅವನ ಬಟ್ಟಲಿಗೆ ಏನೋ ಹೊಯ್ತಿದ್ದಾಳೆ."

"ಅವನು ಯುದ್ಧಕ್ಕೆ ಹೊರಟವನು. ಅವಳ ಮುಖ?"

ನಾನು ಗಾಜಿಗೆ ಮೂಗು ತಾಗಿಸಿ ನೋಡಿದೆ. "ಅವನನ್ನು ನೋಡ್ತಾ ಇಲ್ಲ ಅತ್ತೆ. ಬಟ್ಟಲನ್ನೇ ನೋಡ್ತಿದ್ದಾಳೆ. ಬಟ್ಟಲು ತುಂಬಿದರೆ ಅವನು ಹೋಗಿಬಿಡ್ತಾನಲ್ಲ, ಅದಕ್ಕೇ ನಿಧಾನಕ್ಕೆ ಹೊಯ್ಯುವ ಹಾಗೆ ಕಾಣ್ತದೆ."

ಅತ್ತೆ ತಡಕಾಡಿ ನನ್ನ ಕೈ ಹಿಡಿದುಕೊಂಡರು.

"ಪಕ್ಕದಲ್ಲಿ ಇನ್ನೊಂದು ಉಂಟಾ ಮಗಾ?"

"ಹಾಲ್ ತುಂಬ ಉಂಟು ಅತ್ತೆ."

ಹೊರಗೆ ಕಾಯುತ್ತಿದ್ದ ಅಣ್ಣನಿಗೆ, ಸಂಜೆ ಬಾ ಎಂದು ಫೋನ್ ಮಾಡಿದೆ.